ಗಡಿ ಕಾಣದ ಸನ್ನೆ

ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಬೆಳುಗುಪ್ಪ, ಕಲ್ಯಾಣದುರ್ಗ, ರಾಯದುರ್ಗಗಳಲ್ಲಿಯೂ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಹಿಂದೂಪುರ, ಮಡಕಶಿರಾ ಸೀಮೆಯಲ್ಲಿಯೂ ಕನ್ನಡ ಮತ್ತು ತೆಲುಗು ಒಂದೇ ಸಂತೆಯಲ್ಲಿ, ಎಷ್ಟೋ ಕಡೆ ಒಂದೇ ಮನೆಯ ಜಗುಲಿಯ ಮೇಲೆ ಬಳಕೆಯಾಗುತ್ತವೆ. ಅಜ್ಜಿಯೊಡನೆ ಕನ್ನಡ, ಅಂಗಡಿಯವನೊಡನೆ ತೆಲುಗು, ಬೆಂಗಳೂರಿನಿಂದ ಬಂದ ನೆಂಟನೊಡನೆ ಮತ್ತೆ ಕನ್ನಡ ಎಂಬಂತೆ ದಿನವೊಂದರಲ್ಲಿ ಹತ್ತಾರು ಬಾರಿ ನುಡಿ ಬದಲಿಸುವ ಇಲ್ಲಿನ ಜನರನ್ನು ಗಮನಿಸಿದರೆ, ಮಾತು ಹೊರಳಿದಾಗಲೂ ಕತ್ತು, ಕಣ್ಣು, ಹುಬ್ಬು, ಕೈಗಳು ಮೊದಲಿನ ಜಾಡಿನಲ್ಲಿಯೇ ಇರುವುದು ಕಂಡುಬರುತ್ತದೆ. ದೇಶ ದೇಶಗಳ ನಡುವೆ ಸನ್ನೆಗಳು ಹೇಗೆ ಭಿನ್ನವಾಗುತ್ತವೆ ಎಂಬ ವಿಷಯವನ್ನು ಬರೆಯುವವರು ಸಾಮಾನ್ಯವಾಗಿ ಜಪಾನಿನವರು ಹೀಗೆ ಬಾಗುತ್ತಾರೆ, ಇಟಲಿಯವರು ಹಾಗೆ ಕೈ ಬೀಸುತ್ತಾರೆ ಎಂಬ ಪಟ್ಟಿಯೊಂದನ್ನು ಕೊಟ್ಟು ಮುಗಿಸುವುದುಂಟು. ಆ ಪಟ್ಟಿಗಳು ಪ್ರವಾಸಿಗೆ ಉಪಯುಕ್ತವಾದರೂ, ಒಂದು ಭಾಷೆಗೆ ಒಂದು ಮೈನುಡಿ, ಒಂದು ರಾಜ್ಯಕ್ಕೆ ಒಂದು ಸಂಸ್ಕೃತಿ ಎಂಬ ತಪ್ಪು ಎಣಿಕೆಯನ್ನು ಬೆಳೆಸುತ್ತವೆ. ಆ ಎಣಿಕೆ ಎಲ್ಲಿ ಕುಸಿಯುತ್ತದೆ ಎಂಬುದನ್ನು ನೋಡಲು ಬೆಳುಗುಪ್ಪದಂಥ ಗಡಿನಾಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮಾತಿನ ಹೊರತಾಗಿ ಮೈಯಿಂದ ನಡೆಯುವ ಎಲ್ಲ ಬಗೆಯ ತಿಳಿಸುವಿಕೆಗೆ ವಿದ್ವಾಂಸರು ಅಶಾಬ್ದಿಕ ಸಂವಹನ ಎನ್ನುತ್ತಾರೆ. ಮುಖಭಾವ, ನೋಟ, ಕೈಸನ್ನೆ, ನಿಲುವು, ಇಬ್ಬರ ನಡುವಿನ ಅಂತರ, ಮುಟ್ಟುವುದು ಮತ್ತು ಮುಟ್ಟದಿರುವುದು, ಉಡುಗೆ, ಕೊನೆಗೆ ಮೌನವೂ ಇದರಲ್ಲಿ ಸೇರುತ್ತದೆ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತೆಂದರೆ ಸನ್ನೆ. ಅದು ಸಂಸ್ಕೃತದ ಸಂಜ್ಞೆ ಎಂಬುದರ ತದ್ಭವ, ತೆಲುಗಿನಲ್ಲಿ ಅದೇ ಅರ್ಥಕ್ಕೆ ಸೈಗ ಎಂಬ ಮಾತಿದೆ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದಾಗ ಅವುಗಳಲ್ಲಿ ಮಾತಿಗೆ ಸಿಕ್ಕಿದ್ದು ಒಂದೇ ಪಾಲು. ಮಿಕ್ಕ ಮೂರು ಕ್ರಮವಾಗಿ ಅಂಗಾಂಗಗಳ ಚಲನೆಗೆ, ವೇಷಭೂಷಣಕ್ಕೆ, ಕಣ್ಣೀರು ಬೆವರು ರೋಮಾಂಚನಗಳಂತೆ ಒಳಗಿನಿಂದ ಉಕ್ಕುವ ಭಾವಚಿಹ್ನೆಗಳಿಗೆ ಸಲ್ಲುತ್ತವೆ. ಪಶ್ಚಿಮದಲ್ಲಿ ಈ ಅಧ್ಯಯನ ವ್ಯವಸ್ಥಿತ ರೂಪ ಪಡೆದದ್ದು ತೀರ ಈಚೆಗೆ. ಅಮೆರಿಕದ ಮಾನವಶಾಸ್ತ್ರಜ್ಞ ರೇ ಬರ್ಡ್‌ವಿಸ್ಟೆಲ್ 1952ರಲ್ಲಿ ಅಂಗಚಲನೆಯ ಅಧ್ಯಯನಕ್ಕೆ ಕೈನೆಸಿಕ್ಸ್ ಎಂಬ ಹೆಸರಿನಡಿ ಬುನಾದಿ ಹಾಕಿದರೆ, ಅದೇ ದೇಶದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1959ರ 'ದಿ ಸೈಲೆಂಟ್ ಲ್ಯಾಂಗ್ವೇಜ್' ಮತ್ತು 1966ರ 'ದಿ ಹಿಡನ್ ಡೈಮೆನ್ಷನ್' ಎಂಬ ಕೃತಿಗಳಲ್ಲಿ ಕಾಲ ಮತ್ತು ಅಂತರಗಳು ಹೇಗೆ ಮಾತನಾಡುತ್ತವೆ ಎಂಬುದನ್ನು ವಿವರಿಸಿದನು. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ತಪ್ಪದೆ ಕೇಳಿಬರುವ, ಮಾತಿನ ಪಾಲು ಶೇಕಡ 7 ಮಾತ್ರ ಮಿಕ್ಕ 93 ಮೈಯದು ದನಿಯದು ಎಂಬ ಲೆಕ್ಕ ಮಾತ್ರ ನಂಬತಕ್ಕದ್ದಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ನಡೆಸಿದ ಎರಡು ಸಣ್ಣ ಪ್ರಯೋಗಗಳು, ಒಬ್ಬರ ಇಷ್ಟಾನಿಷ್ಟವನ್ನು ಅಳೆಯುವಾಗ ಮಾತು ಒಂದು ಹೇಳಿ ಮುಖವೋ ದನಿಯೋ ಇನ್ನೊಂದು ಹೇಳಿದರೆ ಕೇಳುಗರು ಯಾವುದನ್ನು ನಂಬುತ್ತಾರೆ ಎಂಬಷ್ಟಕ್ಕೇ ಸೀಮಿತವಾಗಿದ್ದವು. ಮಳೆ ಯಾವಾಗ ಬಂದೀತು, ಕಡಲೆಕಾಯಿ ಚೀಲಕ್ಕೆ ದರ ಎಷ್ಟು ಎಂಬುದನ್ನು ಮುಖ ನೋಡಿ ತಿಳಿದವರು ಯಾರೂ ಇಲ್ಲ.

ಎಲ್ಲ ಸನ್ನೆಗಳೂ ಒಂದೇ ರೀತಿ ಸಂಸ್ಕೃತಿಗೆ ಕಟ್ಟುಬಿದ್ದಿಲ್ಲ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು. ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ 1960ರ ದಶಕದ ಕೊನೆಯಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ನಡೆಸಿದ ಅಧ್ಯಯನಗಳಿಂದ ಸಂತೋಷ, ದುಃಖ, ಕೋಪ, ಭಯ, ಜಿಗುಪ್ಸೆ, ಅಚ್ಚರಿಗಳ ಮುಖಭಾವಗಳು ಲೋಕಸಾಮಾನ್ಯವೆಂದು ವಾದಿಸಿದನು. ಆ ವಾದಕ್ಕೆ ಆಕ್ಷೇಪಗಳು ಬಂದಿವೆಯಾದರೂ, ಯಾವ ಭಾವವನ್ನು ಯಾರ ಮುಂದೆ ಎಷ್ಟು ತೋರಬೇಕು ಎಂಬ ಕಟ್ಟುಪಾಡು ಸಮಾಜದಿಂದ ಸಮಾಜಕ್ಕೆ ಬೇರೆ ಎಂಬುದನ್ನು ಅವನೂ ಒಪ್ಪುತ್ತಾನೆ. ಮಾತಿನ ಜೊತೆಗೆ ತಾನಾಗಿ ಏಳುವ ಕೈಯಾಟ ಇನ್ನೊಂದು ಬಗೆಯದು. ಹುಟ್ಟು ಕುರುಡರೂ ಮಾತನಾಡುವಾಗ ಕೈಯಾಡಿಸುತ್ತಾರೆಂದು 1998ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಮೂರನೆಯ ಬಗೆಯದು, ಮಾತಿಲ್ಲದೆಯೇ ನಿಂತು ನಿಗದಿಯಾದ ಅರ್ಥ ಕೊಡುವ ಸಾಂಕೇತಿಕ ಸನ್ನೆ; ಶಾಲೆಯಲ್ಲಿ ಮಗು ಕಿರುಬೆರಳೆತ್ತಿ ಹೊರಗೆ ಹೋಗಲು ಅನುಮತಿ ಕೇಳುವುದು ಇದಕ್ಕೆ ಉದಾಹರಣೆ. ಊರಿಂದೂರಿಗೆ ಅರ್ಥ ತಿರುಗಿ ಎಡವಟ್ಟಾಗುವುದು ಹೆಚ್ಚಾಗಿ ಇದರಲ್ಲಿಯೇ. ತೋರುಬೆರಳು ನಡುಬೆರಳುಗಳನ್ನು ಕವಲಾಗಿಸಿ ಅಂಗೈಯನ್ನು ಎದುರಿನವರಿಗೆ ತೋರಿಸಿದರೆ ಗೆಲುವಿನ ಗುರುತು. ಬ್ರಿಟನ್ನಿನಲ್ಲಿ ಅದೇ ಎರಡು ಬೆರಳನ್ನು ಅಂಗೈ ತನ್ನ ಕಡೆಗಿರುವಂತೆ ತಿರುಗಿಸಿದರೆ ಬೈಗುಳ. ಆಂಧ್ರದ ಚುನಾವಣಾ ಸಭೆಗಳಲ್ಲಿ ಈ ಬೆರಳುಗಳು ಎತ್ತ ತಿರುಗಿದ್ದರೂ ಯಾರೂ ಮುನಿಯುವುದಿಲ್ಲ. ಅಂದ ಹಾಗೆ, ಕಿವುಡರ ಸನ್ನೆಭಾಷೆಯನ್ನು ಈ ಯಾವ ಬಗೆಯಲ್ಲಿಯೂ ಸೇರಿಸಲಾಗದು. ತನ್ನದೇ ವ್ಯಾಕರಣವುಳ್ಳ ಅದು ಪೂರ್ಣಪ್ರಮಾಣದ ಭಾಷೆ.

ಬೆಳುಗುಪ್ಪ ಸೀಮೆಯ ಆಡಳಿತದ ಗೆರೆಗಳು ಮೇಲಿಂದ ಮೇಲೆ ಬದಲಾಗಿವೆ. ಅನಂತಪುರ ಜಿಲ್ಲೆಯನ್ನು ಬಳ್ಳಾರಿಯಿಂದ ಬೇರ್ಪಡಿಸಿದ್ದು 1882ರಲ್ಲಿ. ಅದಕ್ಕೂ ಮೊದಲು ಎರಡೂ ಒಂದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು, ಅದೇ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರುಗಳು ಆಂಧ್ರದಲ್ಲಿ ಉಳಿದವು. ಇಂದಿಗೂ ಕರ್ನಾಟಕದ ಪಾವಗಡ ತಾಲ್ಲೂಕು ಬಹುಪಾಲು ಆಂಧ್ರದಿಂದ ಸುತ್ತುವರಿದು ನಿಂತಿದೆ. ಅಲ್ಲಿನ ಹಳ್ಳಿಗಳಲ್ಲಿ ತೆಲುಗು ಧಾರಾಳವಾಗಿ ಕೇಳಿಸಿದರೆ, ಗಡಿಯಾಚೆಯ ಮಡಕಶಿರಾದ ಹಳ್ಳಿಗಳಲ್ಲಿ ಕನ್ನಡ ಅಷ್ಟೇ ಧಾರಾಳ. ಹಿಂದೂಪುರದ ಪಕ್ಕದ ಲೇಪಾಕ್ಷಿಯ ವೀರಭದ್ರ ದೇಗುಲದ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ಅದೇ ದೇಗುಲದ ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ಕುಣಿಯುವುದನ್ನು, ಮೂರು ಕಾಲಿನ ಭೃಂಗಿ ಹೆಜ್ಜೆ ಹಾಕುವುದನ್ನು ನೋಡಿ ತಿಳಿಯಲು ಯಾವ ಲಿಪಿಯೂ ಬೇಡ.

ಎರಡೂ ಭಾಷೆಗಳ ನುಡಿಗಟ್ಟುಗಳನ್ನು ಎದುರುಬದುರು ಇಟ್ಟರೆ ಸನ್ನೆಗಳ ಈ ಸಮಾನತೆ ಇನ್ನೂ ಖಚಿತವಾಗುತ್ತದೆ, ಏಕೆಂದರೆ ಒಂದು ಜನ ತಮ್ಮ ಮೈಯ ಯಾವ ಚಲನೆಗೆ ಹೆಸರಿಟ್ಟಿದ್ದಾರೆ ಎಂಬುದೇ ಆ ಚಲನೆಗೆ ಅವರಲ್ಲಿ ನಿಲುಗಡೆಯ ಅರ್ಥವಿದೆ ಎಂಬುದಕ್ಕೆ ಸಾಕ್ಷಿ. ಅಚ್ಚರಿಗೊಂಡವರು ಕನ್ನಡದಲ್ಲಿ ಮೂಗಿನ ಮೇಲೆ ಬೆರಳಿಟ್ಟುಕೊಂಡರೆ ತೆಲುಗಿನಲ್ಲಿ ಮುಕ್ಕುನ ವೇಲು ವೇಸುಕೊಳ್ಳುತ್ತಾರೆ. ಹೊಣೆ ಹೊರಲಾಗದೆ ಜಾರಿಕೊಂಡವನು ಇಲ್ಲಿ ಕೈ ಎತ್ತುತ್ತಾನೆ, ಅಲ್ಲಿ ಚೇತುಲು ಎತ್ತುತ್ತಾನೆ. ಮುದ್ದು ಬಂದ ಮಗುವಿಗೆ ಕೆನ್ನೆ ಸವರಿ ತನ್ನ ಕಣತಲೆಗೆ ಬೆರಳೊತ್ತಿ ಲಟಿಗೆ ಮುರಿಯುವ ಅಜ್ಜಿಯ ಕೈಗೆ ತೆಲುಗಿನಲ್ಲಿ ಮೆಟಿಕಲು ವಿರವಡಂ ಎಂದು ಹೆಸರು. ದೃಷ್ಟಿ ತೆಗೆಯುವುದಕ್ಕೆ ದಿಷ್ಟಿ ತೀಯಡಂ. ಇವು ಒಂದರಿಂದ ಒಂದಕ್ಕೆ ಅನುವಾದವಾದ ಮಾತುಗಳೆಂದು ತಿಳಿಯುವುದಕ್ಕಿಂತ, ಒಂದೇ ಮೈಯನ್ನು ಎರಡು ನುಡಿಗಳು ಬೇರೆ ಬೇರೆಯಾಗಿ ಬಣ್ಣಿಸಿವೆ ಎಂದು ತಿಳಿಯುವುದು ಹೆಚ್ಚು ಸರಿ.

ಹೊರದೇಶದವರನ್ನು ಅತಿ ಹೆಚ್ಚು ಗೊಂದಲಕ್ಕೆ ಬೀಳಿಸುವ ದಕ್ಷಿಣ ಭಾರತದ ತಲೆಯಾಟಕ್ಕೂ ಇದೇ ಮಾತು ಅನ್ವಯಿಸುತ್ತದೆ. ಯುರೋಪು, ಅಮೆರಿಕದಿಂದ ಬಂದವರಿಗೆ ತಲೆ ಮೇಲೆ ಕೆಳಗೆ ಆಡಿದರೆ ಹೌದು, ಎಡಬಲಕ್ಕೆ ತಿರುಗಿದರೆ ಅಲ್ಲ. ಇವೆರಡೂ ಅಲ್ಲದೆ ಕಿವಿಯು ಭುಜದತ್ತ ವಾಲುವ ಚಲನೆ ಅವರ ಲೆಕ್ಕದಲ್ಲಿ ಇಲ್ಲ. ಇಲ್ಲಿಯಾದರೋ ಒಮ್ಮೆ ಚುರುಕಾಗಿ ಒಂದು ಪಕ್ಕಕ್ಕೆ ವಾಲಿದರೆ 'ಆಗಲಿ' ಎಂದರ್ಥ, ನಿಧಾನವಾಗಿ ಎರಡೂ ಕಡೆ ತೂಗಿದರೆ 'ಕೇಳುತ್ತಿದ್ದೇನೆ, ಮುಂದುವರಿಯಲಿ' ಎಂದರ್ಥ, ಸಂಗೀತ ಕಛೇರಿಯಲ್ಲಿ ಕಣ್ಣು ಅರೆಮುಚ್ಚಿ ತೂಗಿದರೆ ಅದು ಕಲಾವಿದರಿಗೆ ಸಿಗುವ ಬಹುಮಾನ. ಕನ್ನಡವು ಇದನ್ನು ಬಲು ಸೂಕ್ಷ್ಮವಾಗಿ ವಿಂಗಡಿಸಿದೆ: ಒಪ್ಪಿದವನು ತಲೆಯಾಡಿಸುತ್ತಾನೆ, ಮೆಚ್ಚಿದವನು ತಲೆದೂಗುತ್ತಾನೆ, ಒಲ್ಲದವನು ತಲೆಯಲ್ಲಾಡಿಸುತ್ತಾನೆ, ಸೋತವನು ತಲೆಬಾಗುತ್ತಾನೆ, ನಾಚಿದವನು ತಲೆತಗ್ಗಿಸುತ್ತಾನೆ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಹೇಳಿರುವ ಒಂಬತ್ತು ಶಿರೋಭೇದಗಳಲ್ಲಿ ಧುತ ಎಂಬುದು ಎಡಬಲಕ್ಕೆ ತಿರುಗುವ ತಲೆ, ಅದರ ಬಳಕೆ 'ಇಲ್ಲ' ಎನ್ನುವಲ್ಲಿ. ಪರಿವಾಹಿತ ಎಂಬುದು ಚಾಮರದಂತೆ ಪಕ್ಕಕ್ಕೆ ತೂಗುವ ತಲೆ, ಅದರ ಬಳಕೆಗಳಲ್ಲಿ ಸಂತೋಷವೂ ಅನುಮೋದನೆಯೂ ಸೇರಿವೆ. ಇಂದು ಬೆಂಗಳೂರಿನ ಕಂಪನಿಗಳು ವಿದೇಶಿ ಸಿಬ್ಬಂದಿಗೆ ವಿವರಿಸಲು ಹೆಣಗುವ ತಲೆಯಾಟವನ್ನು ನೃತ್ಯಶಾಸ್ತ್ರಕಾರ ಶತಮಾನಗಳ ಹಿಂದೆಯೇ ಎರಡು ಸಾಲಿನಲ್ಲಿ ಬೇರ್ಪಡಿಸಿ ಇಟ್ಟಿದ್ದಾನೆ.

ತಲೆಯಾಟವನ್ನು ಹಾಸ್ಯಕ್ಕೂ ಗುರಿಮಾಡಿದವರು ಈ ಸೀಮೆಯ ಜನರೇ. ಅಲಂಕರಿಸಿದ ಎತ್ತನ್ನು ಮನೆಯ ಮುಂದೆ ನಿಲ್ಲಿಸಿ, ಡೋಲು ಬಡಿದು, ಈ ವರ್ಷ ಮಳೆ ಬೆಳೆ ಆದೀತೇ, ಮನೆಗೆ ಒಳ್ಳೆಯದಾದೀತೇ ಎಂದು ಕೇಳುತ್ತ ಅದರಿಂದ ಗೋಣು ಆಡಿಸುವ ಕೋಲೆ ಬಸವನ ಆಟವನ್ನು ಕಾಣದ ಹಳ್ಳಿ ಈ ಭಾಗದಲ್ಲಿ ಇರಲಿಲ್ಲ. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವನನ್ನು ಕನ್ನಡಿಗರು ಕೋಲೆ ಬಸವನೆಂದು ಗೇಲಿ ಮಾಡಿದರೆ, ತೆಲುಗರು ಗಂಗಿರೆದ್ದಿನಂತೆ ತಲೆಯಾಡಿಸುತ್ತಾನೆ ಎನ್ನುತ್ತಾರೆ. ಎತ್ತು ಒಂದೇ, ಗೇಲಿಯೂ ಒಂದೇ. ಆ ಎತ್ತನ್ನು ಆಡಿಸುವವರಲ್ಲಿ ಅನೇಕರು ಮನೆಯಲ್ಲಿ ತೆಲುಗು ಮಾತನಾಡುತ್ತ ಕರ್ನಾಟಕದ ಊರುಗಳಲ್ಲಿ ಕನ್ನಡದಲ್ಲಿ ಬಸವನನ್ನು ಮಾತನಾಡಿಸುತ್ತಾರೆ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ನುಡಿಯ ಗೆರೆಯೂ ಸನ್ನೆಯ ಗೆರೆಯೂ ಹೀಗೆ ಹೊಂದದಿರುವುದು ಭಾರತಕ್ಕೇ ವಿಶೇಷವಲ್ಲ. ಗ್ರೀಸಿನಲ್ಲಿ 'ಇಲ್ಲ' ಎನ್ನಲು ತಲೆಯನ್ನು ಒಮ್ಮೆ ಹಿಂದಕ್ಕೆ ಎಸೆದಂತೆ ಮೇಲೆತ್ತುತ್ತಾರೆ. ಪ್ರಾಣಿಶಾಸ್ತ್ರಜ್ಞ ಡೆಸ್ಮಂಡ್ ಮಾರಿಸ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಯುರೋಪಿನ ಸನ್ನೆಗಳ ಸಮೀಕ್ಷೆಯಲ್ಲಿ, ಇಟಲಿಯ ನೇಪಲ್ಸ್‌ನವರೂ ಹೀಗೆಯೇ ಮಾಡುತ್ತಾರೆಂದೂ, ರೋಮಿನವರು ಮಾತ್ರ ತಲೆಯನ್ನು ಎಡಬಲಕ್ಕೆ ಆಡಿಸುತ್ತಾರೆಂದೂ ಕಂಡುಬಂತು. ಎರಡೂ ನಗರಗಳ ನುಡಿ ಇಟಾಲಿಯನ್. ಆದರೂ ಇಲ್ಲ ಎನ್ನುವ ತಲೆ ಬೇರೆಯಾದುದಕ್ಕೆ ಕಾರಣ, ಎರಡು ಸಾವಿರ ವರ್ಷಗಳಿಗೂ ಹಿಂದೆ ದಕ್ಷಿಣ ಇಟಲಿಯಲ್ಲಿ ಗ್ರೀಕರು ನೆಲೆಸಿದ್ದುದು ಎಂಬುದು ಅವರ ವಿವರಣೆ. ಅಲ್ಲಿ ಒಂದೇ ನುಡಿಯೊಳಗೆ ಎರಡು ತಲೆ, ಇಲ್ಲಿ ಎರಡು ನುಡಿಗೆ ಒಂದೇ ತಲೆ. ಸನ್ನೆ ರಕ್ತದಿಂದ ಬರುವುದೂ ಅಲ್ಲ ಎಂಬುದನ್ನು ಮಾನವಶಾಸ್ತ್ರಜ್ಞ ಡೇವಿಡ್ ಎಫ್ರಾನ್ 1941ರಷ್ಟು ಹಿಂದೆಯೇ ಸಾಧಿಸಿದ್ದನು. ನ್ಯೂಯಾರ್ಕಿಗೆ ವಲಸೆ ಬಂದ ಪೂರ್ವ ಯುರೋಪಿನ ಯಹೂದಿಗಳ ಮತ್ತು ದಕ್ಷಿಣ ಇಟಲಿಯವರ ಕೈಯಾಟ ಒಂದಕ್ಕೊಂದು ತೀರ ಬೇರೆಯಾಗಿದ್ದರೂ, ಅಮೆರಿಕದ ಬದುಕಿಗೆ ಹೊಂದಿಕೊಂಡ ಅವರ ಮಕ್ಕಳಲ್ಲಿ ಆ ಭೇದ ಬಹುಮಟ್ಟಿಗೆ ಅಳಿಸಿಹೋಗಿತ್ತು. ಸನ್ನೆಗಳನ್ನು ಜನಾಂಗದ ಗುಣವೆಂದು ಸಾರುತ್ತಿದ್ದ ನಾಜಿ ಪಂಡಿತರಿಗೆ ಅದು ನೇರ ಉತ್ತರವಾಗಿತ್ತು.

ಎರಡು ನುಡಿಯವರ ನಡುವೆ ಮೈ ಹೇಗೆ ಸೇತುವೆಯಾಗುತ್ತದೆ ಎಂಬುದನ್ನು ದನಗಳ ಜಾತ್ರೆಯಲ್ಲಿ ಕಣ್ಣಾರೆ ಕಾಣಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದಲ್ಲಿ ಸೇರುವ ಜಾತ್ರೆಗೆ ಕರ್ನಾಟಕದವರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದ ರೈತರೂ ಬರುತ್ತಾರೆ. ಕೊಳ್ಳುವವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಮೈಮೇಲಿನ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ಇಷ್ಟರಲ್ಲಿ ಮಾತು ಬಿರುಸಾಗಿಯೇ ಇರುತ್ತದೆ. ದರದ ಸರದಿ ಬಂದೊಡನೆ ಸದ್ದು ಅಡಗುತ್ತದೆ. ದಲ್ಲಾಳಿ ತನ್ನ ಹೆಗಲ ಟವೆಲನ್ನು ಬಲಗೈ ಮೇಲೆ ಇಳಿಬಿಡುತ್ತಾನೆ, ಮಾರುವವನ ಕೈ ಅದರಡಿಗೆ ಹೋಗುತ್ತದೆ, ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದನ್ನೂ ಕೂಡಿಸಿ ಹಿಡಿದರೆ ಐದು. ಅದು ಸಾವಿರವೋ ಹತ್ತು ಸಾವಿರವೋ ಎಂಬುದನ್ನು ಮುಂದೆ ನಿಂತ ಜೋಡಿಯ ಮೈಕಟ್ಟೇ ಹೇಳುವುದರಿಂದ ಬಾಯಿಬಿಟ್ಟು ಹೇಳುವ ಅಗತ್ಯ ಬೀಳುವುದಿಲ್ಲ. ಕೊಟ್ಟ ದರ ಒಪ್ಪಿಗೆಯಾಗದಿದ್ದರೆ ಕೈ ಕೊಡವಿಕೊಳ್ಳುವುದು, ಮತ್ತೆ ಎಳೆದು ಹಿಡಿಯುವುದು, ಬೆರಳನ್ನು ಬಲವಾಗಿ ಅದುಮುವುದು ನಡೆಯುತ್ತದೆ. ಅಷ್ಟು ಹೊತ್ತೂ ಮುಖಗಳು ಮಾತ್ರ ಎಲ್ಲೋ ದೂರದ ಬೇವಿನ ಮರ ನೋಡುತ್ತಿರುತ್ತವೆ. ಸಂಕೇತಗಳ ಸಣ್ಣಪುಟ್ಟ ವಿವರ ಜಾತ್ರೆಯಿಂದ ಜಾತ್ರೆಗೆ ಬೇರೆಯಿದ್ದರೂ ಒಟ್ಟು ಕ್ರಮ ಇದೇ.

ಈ ಕ್ರಮ ಎಷ್ಟು ಹಳೆಯದು ಎಂಬುದಕ್ಕೆ ಫ್ರೆಂಚ್ ರತ್ನವ್ಯಾಪಾರಿ ಜ್ಯಾಂ ಬಾಪ್ಟಿಸ್ಟ್ ತವರ್ನಿಯೆ ಸಾಕ್ಷಿ ನುಡಿಯುತ್ತಾನೆ. 1676ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಅವನು ರಾವೋಲ್ಕೊಂಡ ಎಂದು ಕರೆದಿರುವ ವಜ್ರದ ಗಣಿಯನ್ನು ಕರ್ನೂಲು ಸೀಮೆಯ ರಾಮಳ್ಳಕೋಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದು ಬೆಳುಗುಪ್ಪವಿರುವ ಅನಂತಪುರ ಜಿಲ್ಲೆಯ ನೆರೆಯ ಸೀಮೆ, ಅನಂತಪುರದ ವಜ್ರಕರೂರಿನಲ್ಲಿಯಂತೂ ಮೊದಲ ಮಳೆ ಬಿದ್ದೊಡನೆ ಜನ ಇಂದಿಗೂ ಹೊಲದಲ್ಲಿ ವಜ್ರ ಹುಡುಕುತ್ತಾರೆ. ರಾವೋಲ್ಕೊಂಡದ ವ್ಯಾಪಾರಿಗಳು ಎದುರುಬದುರು ಕುಳಿತು, ಸೊಂಟದ ಬಟ್ಟೆಯನ್ನು ಬಿಚ್ಚಿ ಅದರ ಮರೆಯಲ್ಲಿ ಕೈ ಹಿಡಿದು ಒಂದು ಮಾತೂ ಆಡದೆ ದರ ಕುದುರಿಸುತ್ತಿದ್ದರೆಂದು ಅವನು ವಿವರಿಸುತ್ತಾನೆ. ಪೂರ್ತಿ ಕೈ ಹಿಡಿದರೆ ಸಾವಿರ, ಐದು ಬೆರಳು ಹಿಡಿದರೆ ಐನೂರು, ಒಂದು ಬೆರಳಿಗೆ ನೂರು, ನಡುಗೆಣ್ಣಿನವರೆಗೆ ಅರ್ಧ ಬೆರಳಿಗೆ ಐವತ್ತು, ತುದಿಯ ಗೆಣ್ಣಿಗೆ ಹತ್ತು. ಒಂದೇ ಪಡಸಾಲೆಯಲ್ಲಿ ಒಂದೇ ಸರಕು ಹಲವು ಬಾರಿ ಕೈ ಬದಲಾದರೂ ಪಕ್ಕದಲ್ಲಿ ಕುಳಿತವನಿಗೆ ದರ ತಿಳಿಯುತ್ತಿರಲಿಲ್ಲವಂತೆ. ಬೆರಳಿನ ಗೆಣ್ಣು ಹೀಗೆ ಲೆಕ್ಕದ ಮನೆಯಾದದ್ದು ಸಹಜವೇ, ಏಕೆಂದರೆ ಹೆಬ್ಬೆರಳಿನಿಂದ ಗೆಣ್ಣು ಮುಟ್ಟುತ್ತ ಒಂದು ಕೈಯಲ್ಲಿ ಹನ್ನೆರಡರವರೆಗೆ ಎಣಿಸುವುದು ಈ ನಾಡಿನ ಹಳೆಯ ರೂಢಿ. ಬೆರಳನ್ನು ಒಂದೊಂದಾಗಿ ಬಿಚ್ಚಿ ಎಣಿಸುವ ಯುರೋಪಿನವನಿಗೆ ಒಂದು ಕೈಯಲ್ಲಿ ಐದೇ ಸಿಗುತ್ತವೆ.

ಟವೆಲ್ ವ್ಯಾಪಾರವನ್ನು ಬರಿಯ ಚಂದದ ಜಾನಪದವೆಂದು ಹೊಗಳಿ ಬಿಡುವುದು ನ್ಯಾಯವಲ್ಲ. ದರ ಗುಟ್ಟಾಗಿ ಉಳಿಯುವುದರಿಂದ ಮುಂದಿನ ವ್ಯಾಪಾರ ಕೆಡುವುದಿಲ್ಲ, ಕಡಿಮೆಗೆ ಕೊಟ್ಟವನಿಗೆ ನಾಲ್ಕು ಜನರ ಮುಂದೆ ತಲೆತಗ್ಗುವುದಿಲ್ಲ, ಕನ್ನಡ ಬಾರದವನೂ ತೆಲುಗು ಬಾರದವನೂ ನಿಶ್ಚಿಂತೆಯಿಂದ ವ್ಯವಹರಿಸಬಹುದು ಎಂಬುದೆಲ್ಲ ನಿಜ. ಆದರೆ ಕೊಳ್ಳುವವನ ಕೈಯಲ್ಲಿ ಒಂದು ದರ, ಮಾರುವವನ ಕೈಯಲ್ಲಿ ಇನ್ನೊಂದು ದರ ಇಟ್ಟು ನಡುವಿನ ಹಣವನ್ನು ದಲ್ಲಾಳಿ ನುಂಗಲು ಅದೇ ಟವೆಲ್ಲು ಮರೆಯಾಗುತ್ತದೆ ಎಂಬುದನ್ನೂ ರೈತರು ಬಲ್ಲರು.

ಟವೆಲ್ಲಿಗೆ ಇನ್ನೊಂದು ಭಾಷೆಯೂ ಇದೆ, ಅದು ಇದಕ್ಕಿಂತ ಕಠೋರವಾದುದು. ಹೆಗಲ ಮೇಲೆ ಟವೆಲ್ ಹಾಕಿ ನಡೆಯುವುದು ಯಜಮಾನಿಕೆಯ ಗುರುತಾಗಿದ್ದ ಕಾಲದಲ್ಲಿ, ಕೆಳಗಿನವರೆನಿಸಿದ ಜಾತಿಗಳ ಜನ ಮೇಲಿನವರ ಕೇರಿಯಲ್ಲಿ ಅದನ್ನು ತೆಗೆದು ಕಂಕುಳಿಗೋ ಸೊಂಟಕ್ಕೋ ಸೇರಿಸಬೇಕಿತ್ತು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯಬೇಕಿತ್ತು, ಬಾಯಿಗೆ ಕೈ ಅಡ್ಡ ಹಿಡಿದು ದೂರ ನಿಂತು ಉತ್ತರಿಸಬೇಕಿತ್ತು. ಕೈಕಟ್ಟಿ ನಿಲ್ಲುವುದು ಎಂಬ ಕನ್ನಡದ ಮಾತಿಗೂ ಚೇತುಲು ಕಟ್ಟುಕೊನಿ ನಿಲಬಡಡಂ ಎಂಬ ತೆಲುಗಿನ ಮಾತಿಗೂ ಹಿನ್ನೆಲೆ ಇದೇ. ಎಡ್ವರ್ಡ್ ಹಾಲ್ ತನ್ನ ದೇಶದವರನ್ನು ಅಳೆದು, ಆತ್ಮೀಯರ ಅಂತರ ಒಂದೂವರೆ ಅಡಿಯವರೆಗೆ, ಪರಿಚಿತರದು ನಾಲ್ಕು ಅಡಿಯವರೆಗೆ, ವ್ಯವಹಾರದವರದು ಹನ್ನೆರಡು ಅಡಿಯವರೆಗೆ ಎಂದು ಗೆರೆ ಎಳೆದನು. ಆ ಗೆರೆಗಳನ್ನು ನಿರ್ಧರಿಸುವುದು ಸಲುಗೆ ಎಂಬುದು ಅವನ ಎಣಿಕೆ. ಭಾರತದ ಹಳ್ಳಿಯಲ್ಲಿ ಸಲುಗೆಗಿಂತ ಮೊದಲು ಹುಟ್ಟೇ ಅಡಿಗೋಲಾಗಿತ್ತು. ಹಾಗೆ ನೋಡಿದರೆ ಬೆಳುಗುಪ್ಪದ ಕನ್ನಡಿಗನಿಗೂ ತೆಲುಗನಿಗೂ ನಡುವೆ ಇಲ್ಲದ ಸನ್ನೆಯ ಭೇದ ಒಂದೇ ಊರಿನ ಎರಡು ಕೇರಿಗಳ ನಡುವೆ, ಒಂದೇ ಮನೆಯ ಗಂಡು ಹೆಣ್ಣುಗಳ ನಡುವೆ ಇತ್ತು, ಎಷ್ಟೋ ಮಟ್ಟಿಗೆ ಇದೆ. ನೀಲಿ ಕೋಟು ತೊಟ್ಟು, ಒಂದು ಕೈಯಲ್ಲಿ ಸಂವಿಧಾನ ಹಿಡಿದು, ಇನ್ನೊಂದು ಕೈಯ ತೋರುಬೆರಳನ್ನು ಮುಂದಕ್ಕೆ ಚಾಚಿ ನಿಂತ ಅಂಬೇಡ್ಕರರ ಪ್ರತಿಮೆ ಹಳ್ಳಿ ಹಳ್ಳಿಯ ವೃತ್ತದಲ್ಲಿ ಏಕೆ ಅಷ್ಟು ಬಲವಾದ ಮಾತಾಯಿತೆಂದರೆ, ಹಿರಿಯರೆದುರು ಬೆರಳು ತೋರಿಸಿ ಮಾತನಾಡುವುದು ಸೊಕ್ಕೆಂದು, ಕೈಕಟ್ಟುವುದು ಮಾತ್ರ ವಿನಯವೆಂದು ಕಲಿಸಿದ ಬೀದಿಯಲ್ಲಿಯೇ ಆ ಬೆರಳು ಚಾಚಿಕೊಂಡಿದೆ.

ಕಟ್ಟಿದ ಕೈ ಶಾಲೆಯ ಗಡಿ ದಾಟಿದಾಗ ಅದರ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಎರಡೂ ರಾಜ್ಯಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲಿ ಎದೆಯ ಮೇಲೆ ಕೈಕಟ್ಟಿ, ತುಟಿಯ ಮೇಲೆ ಬೆರಳಿಟ್ಟು ಕೂರುವುದೂ ಒಂದು. ಗುರುಗಳೆದುರು ಕಣ್ಣು ತಗ್ಗಿಸುವುದು ಅದರ ಮುಂದಿನ ಪಾಠ. ಅದೇ ಹುಡುಗ ಹುಡುಗಿಯರು ಬೆಳೆದು ಬೆಂಗಳೂರಿನಲ್ಲಿ ಕೆಲಸದ ಸಂದರ್ಶನಕ್ಕೆ ಕೂತರೆ, ಪಾಶ್ಚಾತ್ಯ ಕೈಪಿಡಿಗಳನ್ನು ಓದಿಬಂದ ಅಧಿಕಾರಿಗೆ ಕಟ್ಟಿದ ಕೈ ಹಟದಂತೆಯೂ, ತಗ್ಗಿದ ಕಣ್ಣು ಕಳ್ಳತನದಂತೆಯೂ ಕಾಣಬಹುದು. ಹನ್ನೆರಡು ವರ್ಷ ಶಿಸ್ತೆಂದು ಕಲಿಸಿದ್ದನ್ನು ಹದಿಮೂರನೆಯ ವರ್ಷ ದೋಷವೆಂದು ಎಣಿಸುವ ಈ ಏರ್ಪಾಟಿನಲ್ಲಿ ತಿದ್ದಿಕೊಳ್ಳಬೇಕಾದವರು ಅಭ್ಯರ್ಥಿಗಳಷ್ಟೇ ಅಲ್ಲ.

ಸಿನಿಮಾ ಈ ಸೀಮೆಗೆ ಹೊರಗಿನಿಂದ ಒಂದು ಮೈನುಡಿಯನ್ನು ಹೊರಿಸಿದೆ. ಈ ಊರುಗಳೂ ಸೇರಿದ ರಾಯಲಸೀಮೆಯೆಂದರೆ ಮೀಸೆ ತಿರುವುವ, ತೊಡೆ ತಟ್ಟುವ ಜನ ಎಂಬ ಚಿತ್ರವನ್ನು 1999ರ 'ಸಮರಸಿಂಹ ರೆಡ್ಡಿ'ಯಂಥ ತೆಲುಗು ಚಿತ್ರಗಳು ಮನೆಮನೆಗೆ ಮುಟ್ಟಿಸಿದವು. ಅದರ ನಾಯಕ ನಂದಮೂರಿ ಬಾಲಕೃಷ್ಣ 2014ರಿಂದ ಹಿಂದೂಪುರದ ಶಾಸಕ. ತೊಡೆ ತಟ್ಟುವುದು ಕುಸ್ತಿಯ ಅಖಾಡದ, ಮಹಾಭಾರತದ ಆಟಗಳ ಹಳೆಯ ಸನ್ನೆಯೇ ಹೊರತು ದಿನಬಳಕೆಯದಲ್ಲ, ಬೆಳುಗುಪ್ಪದ ಹೊಲದಲ್ಲಿ ಅದನ್ನು ಮಾಡುವವರು ಯಾರೂ ಸಿಗುವುದಿಲ್ಲ.

ನಿಜವಾಗಿ ದೂರದ ಮೈನುಡಿಯೊಂದು ಇತ್ತೀಚೆಗೆ ಈ ನೆಲಕ್ಕೆ ಬಂದಿಳಿದಿದೆ. ಹಿಂದೂಪುರ ಮತ್ತು ಅನಂತಪುರಗಳ ನಡುವಿನ ಪೆನುಕೊಂಡದ ಬಳಿ, ಎರ್ರಮಂಚಿಯಲ್ಲಿ, ದಕ್ಷಿಣ ಕೊರಿಯಾದ ಕಿಯಾ ಕಂಪನಿಯ ಕಾರು ಕಾರ್ಖಾನೆ 536 ಎಕರೆಯಲ್ಲಿ ಹಬ್ಬಿದೆ. 2019ರಲ್ಲಿ ಅಲ್ಲಿಂದ ಮೊದಲ ಕಾರು ಮಾರುಕಟ್ಟೆಗೆ ಬಂತು. ಸೊಂಟ ಬಾಗಿಸಿ ವಂದಿಸುವ ಕೊರಿಯನ್ನರಿಗೂ ಅಂಗೈ ಜೋಡಿಸುವ ಇಲ್ಲಿಯವರಿಗೂ ಹೊಂದಿಕೆಯೇ ಇರದು ಎಂದು ಭಾವಿಸುವುದು ಸುಲಭ. ಆದರೆ ಕೊರಿಯಾದಲ್ಲಿ ಹಿರಿಯರಿಗೆ ಏನನ್ನಾದರೂ ಕೊಡುವಾಗ ಎರಡೂ ಕೈ ಬಳಸುತ್ತಾರೆ, ಇಲ್ಲವೆ ಬಲಗೈಯಲ್ಲಿ ಕೊಡುತ್ತ ಎಡಗೈಯನ್ನು ಬಲ ಮುಂಗೈಗೋ ಮೊಣಕೈಗೋ ಆನಿಸುತ್ತಾರೆ. ಪುರೋಹಿತರಿಗೆ ದಕ್ಷಿಣೆ ಕೊಡುವ, ತೀರ್ಥ ಪ್ರಸಾದ ತೆಗೆದುಕೊಳ್ಳುವ ಕನ್ನಡ ತೆಲುಗು ಮನೆಗಳ ಕೈಯೂ ಹಾಗೆಯೇ ಇರುತ್ತದೆ. ಯಾರನ್ನಾದರೂ ಹತ್ತಿರ ಕರೆಯುವಾಗ ಅಂಗೈ ಕೆಳಮುಖವಾಗಿ ಬೆರಳು ಬೀಸುವುದು, ಹಿರಿಯರ ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದು, ಮನೆಯೊಳಗೆ ಬರುವ ಮುನ್ನ ಪಾದರಕ್ಷೆ ಬಿಡುವುದು ಎರಡೂ ಕಡೆ ಸಮಾನ. ಎಡವುವುದು ತಲೆಯಾಟದಲ್ಲಿ: ಕೊರಿಯಾದ ತಲೆ ಹೌದೆನ್ನಲು ಮುಂದಕ್ಕೆ ಬಾಗುತ್ತದೆ, ಪಕ್ಕಕ್ಕೆ ವಾಲುವ ಒಪ್ಪಿಗೆ ಅಲ್ಲಿ ಇಲ್ಲ. ಪೂರ್ವ ಪಶ್ಚಿಮ ಎಂದು ಲೋಕವನ್ನು ಎರಡು ಹೋಳು ಮಾಡಿ ಸನ್ನೆಗಳನ್ನು ಹಂಚುವ ಕೈಪಿಡಿಗಳು ಇಂಥ ಕಡೆ ಕೈಕೊಡುತ್ತವೆ.

ನುಡಿಗಟ್ಟುಗಳನ್ನು ಕೋಶಕಾರರು ಕಾಪಾಡಿದ್ದಾರೆ, ಹಾಡುಗಳನ್ನು ಜಾನಪದ ವಿದ್ವಾಂಸರು ಬರೆದಿಟ್ಟಿದ್ದಾರೆ. ಕೈಯ ಲಿಪಿ ಮಾತ್ರ ಕೈಯೊಡನೆಯೇ ಹೋಗುತ್ತದೆ. ಉಳುಮೆ ಟ್ರ್ಯಾಕ್ಟರಿಗೆ ಹೋದಂತೆ ಎತ್ತಿನ ಜೋಡಿಗಳು ಕಡಿಮೆಯಾಗುತ್ತಿವೆ, ಅದರೊಂದಿಗೆ ಟವೆಲ್ಲಿನಡಿಯ ಲೆಕ್ಕ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯವೂ ಈ ಗಡಿನಾಡಿಗೆ ದೂರವೇನಲ್ಲ. ಕನ್ನಡ ತೆಲುಗುಗಳ ಸನ್ನೆಗಳನ್ನು ಒಟ್ಟಿಗೆ ಇಟ್ಟು ಒಂದು ಚಿತ್ರಕೋಶ ಸಿದ್ಧಪಡಿಸುವ ಕೆಲಸಕ್ಕೆ ಎರಡೂ ಕೈಜೋಡಿಸಬೇಕು. ಅಲ್ಲಿಯವರೆಗೆ ಗಡಿಯ ಊರುಗಳ ಓದುಗರೇ ಜೇಬಿನ ಫೋನಿನಲ್ಲಿ ಅದನ್ನು ಆರಂಭಿಸಬಹುದು. ಮುಂದಿನ ಜಾತ್ರೆಯಲ್ಲಿ ವಯಸ್ಸಾದ ದಲ್ಲಾಳಿಯೊಬ್ಬರು ಸಿಕ್ಕರೆ, ವ್ಯಾಪಾರವೆಲ್ಲ ಮುಗಿದು ಅವರು ಚಹಾಕ್ಕೆ ಕೂತ ಹೊತ್ತು ನೋಡಿ, ಒಮ್ಮೆ ಟವೆಲ್ ತೆಗೆದು ಆ ಲೆಕ್ಕವನ್ನು ತೋರಿಸಿ ಎಂದು ಕೇಳಬೇಕು.